ಡಿಸ್ಕಲ್ಲಿರೋ ಕಾಮೆಂಟರಿ ಟ್ರ್ಯಾಕ್: ಯಾವುದು ಕೇಳ್ಬೇಕು, ಹೇಗೆ ಕೇಳ್ಬೇಕು

ಗಮಕ ಕೇಳಿ ಅಭ್ಯಾಸ ಇರೋರಿಗೆ ಇದು ಬೇಗ ಅರ್ಥ ಆಗತ್ತೆ. ಒಬ್ರು ಕುಮಾರವ್ಯಾಸನ ಪದ್ಯ ವಾಚನ ಮಾಡ್ತಾರೆ, ಪಕ್ಕದಲ್ಲಿ ಕೂತವರು ವ್ಯಾಖ್ಯಾನ ಮಾಡ್ತಾರೆ. ಪದ್ಯದಲ್ಲಿ ಇರೋದನ್ನೇ ಗದ್ಯ ಮಾಡಿ ಇನ್ನೊಂದ್ಸಲ ಒಪ್ಪಿಸಿದ್ರೆ ಐದು ನಿಮಿಷಕ್ಕೆ ಆಕಳಿಕೆ ಬರತ್ತೆ, ಅದೇ ಒಂದೇ ಒಂದು ಪದ ಹಿಡ್ಕೊಂಡು ಕವಿ ಇಲ್ಲಿ ಇದನ್ನೇ ಯಾಕೆ ಇಟ್ಟ ಅಂತ ಬಿಡಿಸಿದ್ರೆ ನೂರು ಸಲ ಕೇಳಿದ್ದ ಪದ್ಯಾನೂ ಹೊಸದಾಗಿ ಕೇಳ್ಸತ್ತೆ. ಸಿನಿಮಾ ಡಿಸ್ಕಲ್ಲಿರೋ ಆಡಿಯೋ ಕಾಮೆಂಟರಿ ಅಂದ್ರೆ ಇದೇ ಕೆಲಸ. ಸಿನಿಮಾ ಓಡ್ತಾ ಇರತ್ತೆ, ಡೈಲಾಗ್ ಸೌಂಡ್ ಸಣ್ಣಗೆ ಹಿಂದಕ್ಕೆ ಹೋಗಿರತ್ತೆ, ಡೈರೆಕ್ಟರೋ ಎಡಿಟರೋ ಇಲ್ಲಾ ಆ ಸಿನಿಮಾನ ವರ್ಷಗಟ್ಟಲೆ ಓದಿದವರೋ ನಿಮ್ಮ ಪಕ್ಕ ಕೂತ್ಕೊಂಡು ಮಾತಾಡ್ತಾ ಇರ್ತಾರೆ.

ಶುರುವಾಗಿದ್ದು 1984ರಲ್ಲಿ. ಕ್ರೈಟೀರಿಯನ್ ಅನ್ನೋ ಅಮೆರಿಕದ ಕಂಪನಿ 1933ರ ಕಿಂಗ್ ಕಾಂಗ್ ಸಿನಿಮಾನ ಲೇಸರ್ ಡಿಸ್ಕಲ್ಲಿ ತಂದಾಗ ಆ ಡಿಸ್ಕಲ್ಲಿ ಇನ್ನೊಂದು ಆಡಿಯೋ ಟ್ರ್ಯಾಕಿಗೆ ಜಾಗ ಇತ್ತು, ಅದರಲ್ಲಿ ಲಾಸ್ ಏಂಜಲೀಸ್ ಮ್ಯೂಸಿಯಂನ ಫಿಲ್ಮ್ ಕ್ಯುರೇಟರ್ ರೊನಾಲ್ಡ್ ಹೇವರ್ ಕೂತು ಸಿನಿಮಾ ಉದ್ದಕ್ಕೂ ಮಾತಾಡಿದ್ರು. ಆಮೇಲೆ ಡಿವಿಡಿ ಬಂತು, ಒಂದು ಡಿವಿಡೀಲಿ ಎಂಟು ಆಡಿಯೋ ಟ್ರ್ಯಾಕ್ ತನಕ ಹಾಕಬಹುದು, ಹಂಗಾಗಿ ಬಂದ ಸಿನಿಮಾಗೆಲ್ಲ ಒಂದೊಂದು ಕಾಮೆಂಟರಿ ಸೇರಿಸೋಕೆ ಶುರು ಮಾಡಿದ್ರು. ಅದರಲ್ಲಿ ಕೇಳಲೇಬೇಕಾದ್ದು ಕಮ್ಮಿ, ಅದಕ್ಕೇ ಆರಿಸ್ಕೊಳ್ಳೋದು ಹೇಗೆ ಅನ್ನೋದು ಮುಖ್ಯ.

ಮೊದಲು ಆನ್ ಮಾಡೋದು. ಡಿಸ್ಕ್ ಮೆನುವಲ್ಲಿ ಆಡಿಯೋ ಅಥವಾ ಸೆಟಪ್ ಅಂತ ಇರೋ ಕಡೆ ಹೋಗಿ, ಸಿಗಲಿಲ್ಲ ಅಂದ್ರೆ ಸ್ಪೆಷಲ್ ಫೀಚರ್ಸ್ ಒಳಗೆ ನೋಡಿ, ಅದೂ ಬೇಡ ಅಂದ್ರೆ ಸಿನಿಮಾ ಓಡ್ತಿರೋವಾಗ್ಲೇ ರಿಮೋಟಲ್ಲಿ ಆಡಿಯೋ ಬಟನ್ ಒತ್ತುತಾ ಹೋಗಿ, ಯಾರೋ ಮಾತಾಡೋಕೆ ಶುರು ಮಾಡ್ತಾರೆ. ಕಂಪ್ಯೂಟರಲ್ಲಿ ವಿಎಲ್‌ಸಿ ಇದ್ರೆ ಬಿ ಕೀ ಒತ್ತಿದ್ರೆ ಟ್ರ್ಯಾಕ್ ಬದಲಾಗ್ತಾ ಹೋಗತ್ತೆ. ಜೊತೆಗೆ ಸಿನಿಮಾದ ಸಬ್‌ಟೈಟಲ್ ಕೂಡ ಹಾಕ್ಕೊಳ್ಳಿ, ಕಾಮೆಂಟರಿ ಕಿವಿಗೆ, ಡೈಲಾಗ್ ಕಣ್ಣಿಗೆ, ಎರಡೂ ಕೈ ತಪ್ಪಲ್ಲ. ಇದೊಂದನ್ನ ಎಷ್ಟೋ ಜನ ಮಾಡಲ್ಲ, ಮಾಡಿದ್ರೆ ಅರ್ಧ ಕಷ್ಟ ಹೋಗತ್ತೆ.

ಸಿನಿಮಾ ಒಂದ್ಸಲ ಪೂರ್ತಿ ನೋಡಿರ್ಬೇಕು. ಮೊದಲ ಸಲ ನೋಡೋವಾಗ್ಲೇ ಕಾಮೆಂಟರಿ ಹಾಕ್ಕೊಂಡ್ರೆ ಸಿನಿಮಾನೂ ಹಾಳು ಕಾಮೆಂಟರೀನೂ ಹಾಳು. ನೋಡಿ ಒಂದು ವಾರ ಬಿಟ್ಟು ಕೂತ್ರೆ ಸರಿಹೋಗತ್ತೆ, ಅಷ್ಟೊತ್ತಿಗೆ ನಿಮ್ಮ ತಲೇಲೇ ಒಂದೆರಡು ಪ್ರಶ್ನೆ ಹುಟ್ಟಿರತ್ತೆ.

ಟ್ರ್ಯಾಕ್ ಚೆನ್ನಾಗಿದ್ಯಾ ಇಲ್ವಾ ಅಂತ ತಿಳ್ಕೊಳ್ಳೋಕೆ ನಾನು ಮಾಡೋದು ಇಷ್ಟೇ. ಸಿನಿಮಾದಲ್ಲಿ ಮಾತೇ ಇಲ್ಲದ ಒಂದು ಸೀನ್ ಆರಿಸ್ಕೊಂಡು ನೇರ ಅಲ್ಲಿಗೆ ಹೋಗಿ ಹತ್ತು ನಿಮಿಷ ಕೇಳ್ತೀನಿ. ಅಲ್ಲಿ ಮಾತಾಡೋರು "ಈಗ ಇವನು ಬಾಗಿಲು ತೆಗೀತಾನೆ" ಅಂತ ಕಾಣ್ತಿರೋದನ್ನೇ ಹೇಳಿದ್ರೆ, ಅಥವಾ ಬಂದ ಬಂದ ನಟರನ್ನೆಲ್ಲ ಅದ್ಭುತ ಅದ್ಭುತ ಅಂತ ಹೊಗಳ್ತಾನೇ ಇದ್ರೆ, ಮುಚ್ಚಿಡಿ. ಲೈಟ್ ಎಲ್ಲಿಂದ ಬಂತು, ಈ ಶಾಟ್ ಯಾಕೆ ಇಷ್ಟು ಹೊತ್ತು ನಿಲ್ಲಿಸಿದ್ರು, ಮಾರನೇ ದಿನ ಏನು ಗಲಾಟೆ ಆಯ್ತು ಅಂತ ಹೇಳಿದ್ರೆ ವಾಪಸ್ ಶುರುವಿಗೆ ಬಂದು ಪೂರ್ತಿ ಕೇಳಿ.

ಯಾವುದರಿಂದ ಶುರು ಮಾಡ್ಲಿ ಅಂತ ಕೇಳಿದ್ರೆ ನಾನು ಕಣ್ಣು ಮುಚ್ಕೊಂಡು ಹೇಳೋದು 1941ರ ಸಿಟಿಜನ್ ಕೇನ್, ವಾರ್ನರ್ ಡಿಸ್ಕು, ರೋಜರ್ ಈಬರ್ಟ್ ಮಾತಾಡಿರೋ ಟ್ರ್ಯಾಕ್. ಅದೇ ಡಿಸ್ಕಲ್ಲಿ ಡೈರೆಕ್ಟರ್ ಪೀಟರ್ ಬಾಗ್ಡಾನೊವಿಚ್ ಅವರದ್ದೂ ಇದೆ, ಅದನ್ನ ಆಮೇಲೆ ಕೇಳಿ. ಈಬರ್ಟ್ ಪತ್ರಿಕೆ ವಿಮರ್ಶಕರು, ಕೊಲರಾಡೋದ ಬೋಲ್ಡರ್‌ನಲ್ಲಿ ವರ್ಷವರ್ಷ ಹುಡುಗರನ್ನ ಕೂರಿಸ್ಕೊಂಡು ಒಂದೇ ಸಿನಿಮಾನ ದಿನಗಟ್ಟಲೆ ನಿಲ್ಲಿಸಿ ನಿಲ್ಲಿಸಿ ನೋಡೋ ಅಭ್ಯಾಸ ಇಟ್ಕೊಂಡಿದ್ದವರು, ಯಾರು ಬೇಕಾದ್ರೂ ನಿಲ್ಲಿಸಿ ಅಂತ ಕೂಗಬಹುದಿತ್ತು. ಆ ಪಳಗಿದ ಕಣ್ಣು ಈ ಟ್ರ್ಯಾಕಲ್ಲಿ ಎದ್ದು ಕಾಣತ್ತೆ. ಈ ಸಿನಿಮಾದಲ್ಲಿ ರೂಮುಗಳ ತಾರಸಿ, ಅಂದ್ರೆ ಒಳಗಿನ ಸೀಲಿಂಗ್, ಕಾಣತ್ತೆ ನೋಡಿ, ಆ ಕಾಲದ ಸ್ಟುಡಿಯೋ ಸೆಟ್ಟಲ್ಲಿ ಮೇಲ್ಗಡೆ ಲೈಟು ಮೈಕು ಇರ್ತಿತ್ತು, ತಾರಸಿ ತೋರಿಸ್ತಿದ್ದಿದ್ದು ಅಪರೂಪ, ಇಲ್ಲಿ ಬಟ್ಟೆ ಬಿಗಿದು ತಾರಸಿ ಮಾಡಿ ಮೈಕ್ ಅದರ ಮೇಲೆ ಇಟ್ರು. ಇನ್ನೊಂದು ಸೀನಲ್ಲಿ ಕೇನ್ ದುಡ್ಡೆಲ್ಲ ಕಳ್ಕೊಂಡು ಕಾಗದಕ್ಕೆ ಸೈನ್ ಹಾಕೋ ಮುಂಚೆ ಹಿಂದಿನ ಕಿಟಕಿ ಕಡೆ ನಡ್ಕೊಂಡು ಹೋಗ್ತಾನೆ. ಮಾಮೂಲಿ ಕಿಟಕಿ ಅಂದ್ಕೊಂಡಿರ್ತೀವಿ, ಅವನು ಹತ್ರ ಹೋಗಿ ನಿಂತಾಗ ಕಿಟಕಿಯ ಕೆಳಗಿನ ಅಂಚೇ ಅವನ ತಲೆಗಿಂತ ಮೇಲಿರತ್ತೆ, ಅಷ್ಟು ದೊಡ್ಡ ಮನುಷ್ಯ ಒಂದೇ ಶಾಟಲ್ಲಿ ಸಣ್ಣ ಮಗು ಥರ ಆಗಿಬಿಡ್ತಾನೆ. ನಾನು ಮೂರು ಸಲ ನೋಡಿದ್ದೆ ಆ ಸಿನಿಮಾ, ಇದು ಕಂಡಿರಲಿಲ್ಲ. ಅವತ್ತಿಂದ ಯಾವ ಸಿನಿಮಾ ನೋಡಿದ್ರೂ ಬ್ಯಾಕ್‌ಗ್ರೌಂಡ್ ನೋಡೋಕೆ ಶುರು ಮಾಡಿದ್ದೀನಿ.

ಅದಾದ್ಮೇಲೆ ಜಪಾನ್ ಕಡೆ ಹೋಗಿ, ಇದು ನಂಗೆ ತುಂಬಾ ಇಷ್ಟವಾದ ಜೋಡಿ. ಡೈರೆಕ್ಟರ್ ಕುರೊಸಾವಾ ಅವರ 1950ರ ರಾಶೊಮೊನ್‌ಗೆ ಡೊನಾಲ್ಡ್ ರಿಚೀ ಮಾತಾಡಿದ್ದಾರೆ, ಇನ್ನೊಬ್ಬ ಡೈರೆಕ್ಟರ್ ಓಜು ಅವರ 1959ರ ಫ್ಲೋಟಿಂಗ್ ವೀಡ್ಸ್‌ಗೆ ಈಬರ್ಟ್, ಎರಡೂ ಕ್ರೈಟೀರಿಯನ್ ಡಿಸ್ಕು. ರಿಚೀ 1947ರಲ್ಲಿ ಜಪಾನಿಗೆ ಹೋಗಿ ಜೀವಮಾನದ ಬಹುಪಾಲು ಅಲ್ಲೇ ಕಳೆದವರು, ಹೊರಗಿನವರು ಪುಸ್ತಕ ಓದಿ ಹೇಳೋದಕ್ಕೂ ಇವರು ಹೇಳೋದಕ್ಕೂ ವ್ಯತ್ಯಾಸ ಕೇಳ್ತಿದ್ದಂಗೇ ಗೊತ್ತಾಗತ್ತೆ. ಮಜಾ ಏನಪ್ಪಾ ಅಂದ್ರೆ ಎರಡು ಸಿನಿಮಾಗೂ ಕ್ಯಾಮೆರಾಮನ್ ಒಬ್ಬರೇ, ಕಜುವೊ ಮಿಯಗಾವಾ, ನಟಿ ಮಚಿಕೊ ಕ್ಯೋ ಎರಡರಲ್ಲೂ ಇದ್ದಾರೆ. ರಾಶೊಮೊನ್ ಕಾಡಲ್ಲಿ ಕ್ಯಾಮೆರಾ ಓಡೋದೇನು, ಎಲೆಗಳ ಮಧ್ಯದಿಂದ ನೇರ ಸೂರ್ಯನ್ನೇ ತೋರಿಸೋದೇನು, ಅದೇ ಮನುಷ್ಯ ಓಜು ಜೊತೆ ಕೆಲಸ ಮಾಡೋವಾಗ ಕ್ಯಾಮೆರಾನ ಚಾಪೆ ಮೇಲೆ ಕೂತವರ ಕಣ್ಣಿನ ಎತ್ತರಕ್ಕಿಂತಲೂ ಕೆಳಗಿಟ್ಟು ಅಲ್ಲಾಡಿಸದೇ ಇಡ್ತಾರೆ. ಫ್ಲೋಟಿಂಗ್ ವೀಡ್ಸ್ ಮೊದಲ ಶಾಟಲ್ಲೇ ದೂರದಲ್ಲಿ ಒಂದು ಬಿಳಿ ಲೈಟ್‌ಹೌಸು, ಹತ್ರದಲ್ಲಿ ಒಂದು ಬಾಟಲಿ, ಎರಡಕ್ಕೂ ಒಂದೇ ಆಕಾರ, ಕಥೆಗೆ ಇದರಿಂದ ಏನೂ ಆಗ್ಬೇಕಿಲ್ಲ, ನೋಡೋದು ಹೇಗೆ ಅಂತ ಓಜು ಮೊದಲೇ ಕಲಿಸಿಕೊಡ್ತಿದ್ದಾರೆ ಅಷ್ಟೇ. ಕಥೆ ಊರೂರು ತಿರುಗೋ ನಾಟಕ ಕಂಪನಿಯದ್ದು, ಜನ ಬರದೇ ಕ್ಯಾಂಪ್ ಮುಳುಗೋದು, ಯಜಮಾನನಿಗೆ ಆ ಊರಲ್ಲೇ ಒಬ್ಬ ಮಗ ಇರೋದು. ನಮ್ಮ ಅಜ್ಜಿ ಕಾಲದ ಕಂಪನಿ ನಾಟಕದ ಕಥೆಗಳನ್ನ ಕೇಳಿ ಬೆಳೆದವರಿಗೆ ಇದು ಪರದೇಶದ ಸಿನಿಮಾ ಅನ್ನಿಸೋದೇ ಇಲ್ಲ. ಯಜಮಾನ, ಅವನ ಜೊತೆಗಾತಿ ನಟಿ (ಮಚಿಕೊ ಕ್ಯೋ ಮಾಡಿರೋ ಪಾತ್ರ) ಇಬ್ಬರೂ ಬೀದಿಯ ಆ ಕಡೆ ಈ ಕಡೆ ನಿಂತು ಮಧ್ಯ ಜೋರು ಮಳೆ ಸುರೀತಾ ಇರೋವಾಗ ಜಗಳ ಆಡೋ ಸೀನ್ ಬಂದಾಗ ಒಂದ್ಸಲ ಕಾಮೆಂಟರಿ ಜೊತೆ, ಇನ್ನೊಂದ್ಸಲ ಕಾಮೆಂಟರಿ ಆಫ್ ಮಾಡಿ ನೋಡಿ. ಅದೇ ಡಿಸ್ಕ್ ಸೆಟ್ಟಲ್ಲಿ ಓಜು ಇದೇ ಕಥೆನ 1934ರಲ್ಲಿ ಮೂಕಿ ಚಿತ್ರ ಮಾಡಿದ್ದೂ ಇದೆ, ಅದಕ್ಕೂ ರಿಚೀನೇ ಮಾತಾಡಿರೋದು.

ಕುರೊಸಾವಾ ಅವರದ್ದೇ ಸೆವೆನ್ ಸಮುರಾಯ್ ಡಿಸ್ಕಲ್ಲಿ ಐದು ಜನ ವಿದ್ವಾಂಸರು ಸರದಿ ಪ್ರಕಾರ ಮಾತಾಡೋ ಟ್ರ್ಯಾಕ್ ಇದೆ, ಸಿನಿಮಾ ಮೂರೂವರೆ ತಾಸಿನ ಹತ್ರ ಇರೋದ್ರಿಂದ ಒಬ್ಬರದ್ದೇ ದನಿ ಕೇಳಿ ಸುಸ್ತಾಗಲ್ಲ. ಆದ್ರೂ ಒಂದೇ ಸಿಟ್ಟಿಂಗಲ್ಲಿ ಬೇಡ.

ಇನ್ನು ಮಾಡಿದವರೇ ಮಾತಾಡಿರೋದು. ಇದರಲ್ಲಿ ಒಬ್ಬರೇ ಕೂತು ಮಾತಾಡಿದ್ದಕ್ಕಿಂತ ಇಬ್ಬರು ಕೂತಿದ್ದು ಹುಡುಕಿ, ಅದರಲ್ಲೂ ಅವರಿಬ್ಬರಿಗೆ ಅಷ್ಟಾಗಿ ಸರಿ ಬರದೇ ಇದ್ರೆ ಇನ್ನೂ ಒಳ್ಳೇದು. 1999ರ ದ ಲೈಮಿ ಸಿನಿಮಾದ ಡಿಸ್ಕಲ್ಲಿ ಡೈರೆಕ್ಟರ್ ಸ್ಟೀವನ್ ಸೋಡರ್‌ಬರ್ಗ್, ಸ್ಕ್ರಿಪ್ಟ್ ಬರೆದ ಲೆಮ್ ಡಾಬ್ಸ್ ಅಕ್ಕಪಕ್ಕ ಕೂತಿದ್ದಾರೆ. ನಾನು ಬರೆದಿದ್ದನ್ನ ನೀನು ಕತ್ತರಿಸಿದೆ, ಆ ಪಾತ್ರದ ಹಿನ್ನೆಲೆ ಎಲ್ಲಾ ತೆಗೆದುಬಿಟ್ಟೆ ಅಂತ ಡಾಬ್ಸ್ ಪಟ್ಟು ಬಿಡಲ್ಲ, ಸೋಡರ್‌ಬರ್ಗ್ ತಾಳ್ಮೆಯಿಂದ ಉತ್ತರ ಕೊಡ್ತಾ ಹೋಗ್ತಾರೆ. ತಾಳಮದ್ದಳೇಲಿ ಇಬ್ಬರು ಒಳ್ಳೇ ಅರ್ಥಧಾರಿಗಳು ಎದುರುಬದುರು ಕೂತ ಹಾಗೆ, ಇಬ್ಬರ ವಾದಾನೂ ಸರಿ ಅನ್ಸತ್ತೆ. ಸ್ಕ್ರಿಪ್ಟ್ ಬರೆಯೋ ಆಸೆ ಇರೋ ಹುಡುಗ ಹುಡುಗಿಯರು ಯಾರಾದ್ರೂ ಕೇಳಿದ್ರೆ ನಾನು ಕೈಗೆ ಕೊಡೋದು ಇದೇ ಡಿಸ್ಕು. ಎಡಿಟಿಂಗ್ ಬಗ್ಗೆ ಆಸಕ್ತಿ ಇದ್ರೆ ದ ಕಾನ್ವರ್ಸೇಷನ್, ಅದರಲ್ಲಿ ಡೈರೆಕ್ಟರ್ ಕೊಪ್ಪೊಲಾದು ಒಂದು ಟ್ರ್ಯಾಕು, ಎಡಿಟಿಂಗ್ ಸೌಂಡ್ ಮಾಡಿದ ವಾಲ್ಟರ್ ಮರ್ಚ್‌ದು ಇನ್ನೊಂದು. ಮರ್ಚ್‌ದು ಮೊದಲು ಕೇಳಿ.

ಒಬ್ಬರೇ ಮಾತಾಡಿಯೂ ಹಿಡಿದು ಕೂರಿಸೋ ಟ್ರ್ಯಾಕ್ ಅಂದ್ರೆ ಗಾಡ್‌ಫಾದರ್‌ಗೆ ಕೊಪ್ಪೊಲಾ ಮಾತಾಡಿರೋದು. ಅಷ್ಟು ದೊಡ್ಡ ಸಿನಿಮಾ ಮಾಡಿದವರು ಶೂಟಿಂಗ್ ಉದ್ದಕ್ಕೂ ನನ್ನನ್ನ ಯಾವಾಗ ಕೆಲಸದಿಂದ ತೆಗೀತಾರೋ ಅನ್ನೋ ಭಯದಲ್ಲೇ ಇದ್ದೆ ಅಂತ ಹೇಳ್ಕೊಳ್ತಾರೆ, ಎಷ್ಟೋ ವರ್ಷ ಆದ್ಮೇಲೂ ದನೀಲಿ ಆ ಭಯ ಪೂರ್ತಿ ಹೋಗಿಲ್ಲ. ಬ್ಯಾಪ್ಟಿಸಂ ಸೀನಲ್ಲಿರೋ ಮಗು ಅವರ ಸ್ವಂತ ಮಗಳು ಸೋಫಿಯಾ. ನಮ್ಮ ಭಾರತದವರದ್ದು ಬೇಕು ಅಂದ್ರೆ ಮೀರಾ ನಾಯರ್ ಮಾನ್ಸೂನ್ ವೆಡ್ಡಿಂಗ್‌ಗೆ ಮಾತಾಡಿದ್ದಾರೆ, ಕ್ರೈಟೀರಿಯನ್ ಡಿಸ್ಕಲ್ಲಿ. ಮೂವತ್ತು ದಿನದಲ್ಲಿ ಕ್ಯಾಮೆರಾ ಕೈಲಿ ಹಿಡ್ಕೊಂಡೇ ಶೂಟ್ ಮಾಡಿದ ಸಿನಿಮಾ ಅದು, ಕಮ್ಮಿ ದುಡ್ಡಲ್ಲಿ ಕೆಲಸ ಮಾಡೋರು ಕೇಳ್ಬೇಕು.

ಲಾರ್ಡ್ ಆಫ್ ದ ರಿಂಗ್ಸ್ ಎಕ್ಸ್‌ಟೆಂಡೆಡ್ ಎಡಿಷನ್ ಬಗ್ಗೆ ಕೇಳ್ತಾರೆ ಎಲ್ಲರೂ. ಒಂದೊಂದು ಭಾಗಕ್ಕೂ ನಾಲ್ಕು ಟ್ರ್ಯಾಕು, ಮೊದಲ ಭಾಗ 208 ನಿಮಿಷ, ನಾಲ್ಕೂ ಕೇಳಿದ್ರೆ ಹದಿನಾಲ್ಕು ತಾಸು ಹತ್ರ ಆಗತ್ತೆ. ಎಲ್ಲಾ ಬೇಡ, ಡಿಸೈನ್ ಟೀಮ್‌ದು ಒಂದು ಕೇಳಿ ಸಾಕು, ಕತ್ತಿ ಕವಚ ಮನೆ ಬಾಗಿಲು ಮಾಡಿದವರ ಮಾತು, ಯಾರು ಮಾತಾಡ್ತಿದ್ದಾರೆ ಅಂತ ಹೆಸರೂ ಪರದೆ ಮೇಲೆ ಬರತ್ತೆ. ನಗಬೇಕು ಅಂತಿದ್ರೆ ಡೈರೆಕ್ಟರ್ ಜಾನ್ ಕಾರ್ಪೆಂಟರ್, ಹೀರೋ ಕರ್ಟ್ ರಸೆಲ್ ಇಬ್ಬರೂ ಸೇರಿ ದ ಥಿಂಗ್‌ಗೆ ಮಾತಾಡಿರೋದು, ಹಳೇ ಸ್ನೇಹಿತರ ಹರಟೆ.

ಒಂದು ಮಾತು, ಸ್ಪೀಲ್‌ಬರ್ಗ್ ಸಿನಿಮಾಗಳಲ್ಲಿ ಅವರ ಕಾಮೆಂಟರಿ ಹುಡುಕೋಕೆ ಹೋಗ್ಬೇಡಿ, ಅವರು ಮಾಡೋದೇ ಇಲ್ಲ, ಡೇವಿಡ್ ಲಿಂಚ್ ಕೂಡ ಒಪ್ತಿರಲಿಲ್ಲ.

ಕೊಳ್ಳೋವಾಗ ಹುಷಾರು. ಹಿಂದೆ ನಾನು ಫುಟ್‌ಪಾತಲ್ಲಿ ತಗೊಂಡ ಡಿಸ್ಕಲ್ಲಿ ಕವರ್ ಮೇಲೆ ಕಾಮೆಂಟರಿ ಅಂತ ಬರೆದಿತ್ತು, ಒಳಗೆ ಇರಲಿಲ್ಲ, ಯಾಕಂದ್ರೆ 8.5 ಜಿಬಿಯ ಎರಡು ಲೇಯರ್ ಡಿಸ್ಕನ್ನ 4.7 ಜಿಬಿಗೆ ಇಳಿಸೋವಾಗ ಮೊದಲು ಕಿತ್ತು ಬಿಸಾಕೋದೇ ಈ ಟ್ರ್ಯಾಕು. ಅಸಲಿ ಡಿಸ್ಕಲ್ಲಿ ಇನ್ನೊಂದು ತಾಪತ್ರಯ, ರೀಜನ್ ಕೋಡ್, ಅಂದ್ರೆ ಡಿಸ್ಕ್ ಯಾವ ದೇಶದ ಪ್ಲೇಯರಲ್ಲಿ ಓಡತ್ತೆ ಅನ್ನೋ ಗುರುತು. ಡಿವಿಡೀಲಿ ಅಮೆರಿಕ 1, ನಮ್ಮದು 5, ಬ್ಲೂ-ರೇಲಿ ಅಮೆರಿಕ ಎ, ಇಂಗ್ಲೆಂಡ್ ಬಿ, ನಮ್ಮದು ಸಿ. ನಮ್ಮ ಚಿಕ್ಕಪ್ಪನ ಮಗಳು ನ್ಯೂಜೆರ್ಸಿಯಿಂದ ಪ್ರೀತಿಯಿಂದ ತಂದ್ಕೊಟ್ಟ ಬ್ಲೂ-ರೇ ನಮ್ಮನೆ ಪ್ಲೇಯರಲ್ಲಿ ಓಡಲಿಲ್ಲ, ಆಮೇಲೆ ರೀಜನ್ ಫ್ರೀ ಪ್ಲೇಯರ್ ತಗೊಂಡೆ, ನೀವು ಮೊದಲೇ ಅದನ್ನ ತಗೊಳ್ಳಿ. 4ಕೆ ಡಿಸ್ಕಿಗೆ ರೀಜನ್ ಇಲ್ಲ, ಆದ್ರೆ ಜೊತೆಗೆ ಕೊಡೋ ಬ್ಲೂ-ರೇಗೆ ಇರಬಹುದು, ಕಾಮೆಂಟರಿ ಯಾವುದರಲ್ಲಿದೆ ನೋಡ್ಕೊಳ್ಳಿ. ಅಮೆರಿಕದಲ್ಲಿರೋ ಕನ್ನಡಿಗರು ಕೊಳ್ಳೋಕೆ ಮುಂಚೆ ಹತ್ತಿರದ ಪಬ್ಲಿಕ್ ಲೈಬ್ರರೀಲಿ ವಿಚಾರಿಸಿ, ಅಲ್ಲಿಲ್ಲ ಅಂದ್ರೂ ಬೇರೆ ಲೈಬ್ರರಿಯಿಂದ ತರಿಸಿಕೊಡ್ತಾರೆ.

ನಾನು ನೋಡಿದ ಕನ್ನಡ ಡಿಸ್ಕುಗಳಲ್ಲಿ ಒಂದರಲ್ಲೂ ಕಾಮೆಂಟರಿ ಸಿಕ್ಕಿಲ್ಲ, ಇದು ನಂಗೆ ನಿಜವಾಗ್ಲೂ ಬೇಜಾರು. ಗಿರೀಶ್ ಕಾಸರವಳ್ಳಿ ಅವರ 1977ರ ಘಟಶ್ರಾದ್ಧ ರಿಸ್ಟೋರ್ ಆಗಿ 2024ರಲ್ಲಿ ವೆನಿಸ್ ಫೆಸ್ಟಿವಲ್‌ನಲ್ಲಿ ಹೊಸದಾಗಿ ತೆರೆಗೆ ಬಂತು. ಅದಕ್ಕೆ ಕ್ಯಾಮೆರಾ ಹಿಡಿದ ಎಸ್. ರಾಮಚಂದ್ರ ಈಗಿಲ್ಲ, ಸಂಗೀತ ಕೊಟ್ಟ ಬಿ.ವಿ. ಕಾರಂತರಿಲ್ಲ, ಕಥೆ ಬರೆದ ಅನಂತಮೂರ್ತಿಯವರಿಲ್ಲ. ಕಾಸರವಳ್ಳಿಯವರನ್ನ ಒಂದು ರೂಮಲ್ಲಿ ಕೂರಿಸಿ, ಎದುರಿಗೆ ಸಿನಿಮಾ ಹಾಕಿ, ಪಕ್ಕದಲ್ಲಿ ಚೆನ್ನಾಗಿ ಪ್ರಶ್ನೆ ಕೇಳೋ ಒಬ್ಬರನ್ನ ಕೂರಿಸಿ ಒಂದು ಮೈಕ್ ಇಟ್ರೆ ಎರಡು ತಾಸಿನ ಕೆಲಸ. ಪುಟ್ಟ ನಾಣಿ ಕಣ್ಣಲ್ಲೇ ಯಮುನಕ್ಕನ ಕಥೆ ತೋರಿಸೋಕೆ ಕ್ಯಾಮೆರಾನ ನೆಲದಿಂದ ಎಷ್ಟು ಎತ್ತರದಲ್ಲಿ ಇಟ್ರಿ ಸಾರ್ ಅಂತ ನಾನಾಗಿದ್ರೆ ಮೊದಲು ಅದನ್ನೇ ಕೇಳ್ತಿದ್ದೆ.