ಹೊಟ್ಟೆ ಬಿಟ್ಟ ಗೋಡೆ ಮತ್ತು ನನ್ನ ಎಂ.ಎ.

2014ರ ಜನವರಿಯ ಒಂದು ಮಧ್ಯಾಹ್ನ ರಾಯಚೂರು ಜಿಲ್ಲೆಯ ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಮಿಲ್ಲೊಂದರಲ್ಲಿ ಬೆಂಕಿ ಹತ್ತಿತು. ನಾನು ಅಗ್ನಿಶಾಮಕ ಠಾಣಾಧಿಕಾರಿಯಾಗಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಹತ್ತಿಯ ಬೆಂಕಿ ಮೋಸದ ಬೆಂಕಿ. ಮೇಲೆ ಆರಿದಂತೆ ಕಂಡರೂ ಬೇಲಿನ, ಅಂದರೆ ಒತ್ತಿ ಕಟ್ಟಿದ ಹತ್ತಿ ಮೂಟೆಯ, ಒಳಗೆ ಕೆಂಡ ಉಸಿರಾಡುತ್ತಲೇ ಇರುತ್ತದೆ. ನೀರು ಹೊಡೆದಷ್ಟೂ ಬೇಲು ಕುಡಿದು ಕುಡಿದು ಉಬ್ಬುತ್ತದೆ, ಪಕ್ಕದ ಗೋಡೆಯನ್ನು ಒತ್ತುತ್ತದೆ. ಇದೆಲ್ಲ ನನಗೆ ತರಬೇತಿಯಲ್ಲಿ ಹೇಳಿಕೊಟ್ಟ ಪಾಠವೇ. ಆದರೆ ಅಂದು ನನ್ನ ಕಣ್ಣು ಇದ್ದದ್ದು ಬೆಂಕಿಯ ಮೇಲೆ, ಗೋಡೆಯ ಮೇಲಲ್ಲ.

ಇಪ್ಪತ್ತಾರು ವರ್ಷ ಸೇವೆಯಾಗಿದ್ದ ನಮ್ಮ ಲೀಡಿಂಗ್ ಫೈರ್‌ಮನ್ ಬಂದು, “ಸಾಹೇಬರೇ, ಗೋಡೆ ಹೊಟ್ಟೆ ಬಿಡುತ್ತಿದೆ” ಎಂದರು. “ಇನ್ನು ಹತ್ತು ನಿಮಿಷ, ಹೋಸ್ ಪೈಪು ಬಿಡಬೇಡಿ” ಎಂದೆ. ಅವರು ವಾಪಸು ಹೋದರು, ಹೋಸ್ ಹಿಡಿದಿದ್ದ ಹುಡುಗರಿಬ್ಬರನ್ನೂ ಹೊರಗೆ ಎಳೆದುಕೊಂಡು ಬಂದರು. ಹೋಸನ್ನು ಅಲ್ಲೇ ಬಿಟ್ಟಿದ್ದರು. ಸ್ವಲ್ಪ ಹೊತ್ತಿನಲ್ಲೇ ಗೋಡೆ ಹೋಸಿನ ಮೇಲೆ ಬಿತ್ತು.

ಮರುದಿನ ನಾನು ಅವರಿಗೆ ಕೊಟ್ಟದ್ದು ಕಾರಣ ಕೇಳುವ ನೋಟಿಸು: ಆದೇಶ ಮೀರಿ ಸ್ಥಾನ ತೊರೆದಿದ್ದೀರಿ, ಸರ್ಕಾರಿ ಸ್ವತ್ತಿಗೆ ಹಾನಿಯಾಗಿದೆ. ಅವರ ಉತ್ತರ ಒಂದೇ ಸಾಲಿನದು. “ಗೋಡೆ ಅನುಮತಿ ಕೇಳಿ ಬೀಳುವುದಿಲ್ಲವಾದ್ದರಿಂದ ನಾನೂ ಕೇಳಲಿಲ್ಲ.” ನಾನು ಅದನ್ನು ಮುಂದಕ್ಕೆ ಕಳುಹಿಸಲಿಲ್ಲ, ಹರಿಯಲೂ ಇಲ್ಲ. ಮೇಜಿನ ಖಾನೆಯಲ್ಲಿ ಇಟ್ಟುಕೊಂಡೆ.

2018ರಲ್ಲಿ ಇಗ್ನೋದ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ) ಸಾರ್ವಜನಿಕ ಆಡಳಿತ ಎಂ.ಎ.ಗೆ ಅರ್ಜಿ ಹಾಕುವಾಗ ಈ ಘಟನೆ ನನ್ನ ತಲೆಯಲ್ಲಿರಲಿಲ್ಲ. ನಿಜ ಹೇಳಬೇಕೆಂದರೆ ಹೆಸರಿನ ಮುಂದೆ ಒಂದು ಸ್ನಾತಕೋತ್ತರ ಪದವಿ ಇರಲಿ ಎಂಬ ಆಸೆಯಷ್ಟೇ ಇತ್ತು. ಇಪ್ಪತ್ನಾಲ್ಕು ಗಂಟೆ ಕರೆಗೆ ಸಿದ್ಧವಿರಬೇಕಾದ ಕೆಲಸದಲ್ಲಿ ಕಾಲೇಜಿಗೆ ಹೋಗುವ ಮಾತೇ ಇಲ್ಲ. ಇಲಾಖೆಯ ಪೂರ್ವಾನುಮತಿ ಪಡೆದು, ಠಾಣೆಯ ಕಂಪ್ಯೂಟರಿನಲ್ಲಿ ಬೇಡವೆಂದು ಸೈಬರ್ ಕೆಫೆಯಲ್ಲಿ ಕುಳಿತು ಅರ್ಜಿ ತುಂಬಿದೆ. ಪಾಠಗಳೆಲ್ಲ ಇಗ್ನೋದ ಇ-ಜ್ಞಾನಕೋಶ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಮೊಬೈಲಿಗೆ ಇಳಿಸಿಕೊಂಡರೆ ವಾಚ್ ರೂಮಿನಲ್ಲೂ ಓದಬಹುದು, ಬಂದೋಬಸ್ತಿಗೆ ಹೋದ ಜಾತ್ರೆಯಲ್ಲಿ ವಾಹನದ ನೆರಳಿನಲ್ಲೂ ಓದಬಹುದು. ಎರಡನ್ನೂ ಮಾಡಿದ್ದೇನೆ.

ನನ್ನ ತೊಂದರೆ ಇಂಗ್ಲಿಷಿನದು. ಬಿ.ಎ.ವರೆಗೆ ಕನ್ನಡ ಮಾಧ್ಯಮ. ಮೊದಲ ಅಧ್ಯಾಯದ ಮೂರು ಪುಟ ಓದಲು ಒಂದು ರಾತ್ರಿ ಹಿಡಿಯಿತು. ಆಮೇಲೆ ಒಂದು ದಾರಿ ಕಂಡುಕೊಂಡೆ. ಪ್ರತಿ ಕರೆ ಮುಗಿದ ಮೇಲೆ ನಾವು ಬೆಂಕಿ ವರದಿ ಬರೆಯುತ್ತೇವಲ್ಲ, ಎಲ್ಲಿ, ಯಾವಾಗ, ಹೇಗೆ, ಏನು ಕ್ರಮ ಎಂದು, ಅದೇ ರೀತಿಯಲ್ಲಿ ಪ್ರತಿ ಪಾಠಕ್ಕೂ ಕನ್ನಡದಲ್ಲಿ ಒಂದು ಪುಟದ ವರದಿ. ಈ ಪಂಡಿತ ಯಾವ ಊರಿನವನು, ಯಾವ ಕಾಲದವನು, ಅವನ ಎದುರಿಗಿದ್ದ ಬೆಂಕಿ ಯಾವುದು, ಅದಕ್ಕೆ ಅವನು ಸುರಿದ ನೀರು ಯಾವುದು. ಹೀಗೆ ಬರೆದಾಗ ಅಧಿಕಾರಶಾಹಿಯ ಬಗ್ಗೆ ಬರೆದ ಜರ್ಮನಿಯ ಮ್ಯಾಕ್ಸ್ ವೇಬರ್ ಕೂಡ ಹೆದರಿಸಲಿಲ್ಲ. ಅಸೈನ್‌ಮೆಂಟಿಗೆ ಮೂವತ್ತು ಶೇಕಡಾ, ಪರೀಕ್ಷೆಗೆ ಎಪ್ಪತ್ತು. ಅಸೈನ್‌ಮೆಂಟನ್ನು ಕೈಯಲ್ಲೇ ಬರೆಯಬೇಕು. ಅದು ಹಲವರಿಗೆ ಕಿರಿಕಿರಿ, ನನಗೆ ಮಾತ್ರ ಒಳ್ಳೆಯದೇ ಆಯಿತು. ಪೆನ್ನು ಹಿಡಿದು ವರ್ಷಗಳಾಗಿದ್ದ ಬೆರಳುಗಳಿಗೆ ಪರೀಕ್ಷೆಯ ಮೊದಲೇ ಕವಾಯತು ಆದಂತಾಯಿತು.

ನಮ್ಮ ಕಡೆಯವರು ಯಾರಾದರೂ ಈ ದಾರಿ ಹಿಡಿಯುವುದಾದರೆ ಜೂನ್ ಪರೀಕ್ಷೆಯನ್ನು ನಂಬಬೇಡಿ. ಏಪ್ರಿಲ್, ಮೇ ಎಂದರೆ ಬಣವೆಗಳ ಕಾಲ. ದಿನಕ್ಕೆ ಮೂರು ನಾಲ್ಕು ಕರೆ ಬಂದರೆ ಮೈಯಲ್ಲಿ ಹೊಗೆಯ ವಾಸನೆ ಬಿಟ್ಟು ಇನ್ನೇನೂ ಉಳಿಯುವುದಿಲ್ಲ. ಡಿಸೆಂಬರೇ ವಾಸಿ ಎಂದುಕೊಂಡರೆ, ಆಗಸ್ಟಿನಲ್ಲಿ ಕೃಷ್ಣೆ ಬರುತ್ತಾಳೆ. 2019ರಲ್ಲಿ ನಾರಾಯಣಪುರ ಜಲಾಶಯದಿಂದ ಬಿಟ್ಟ ನೀರಿಗೆ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗಿ, ನಡುಗಡ್ಡೆಯ ಜನ ಆಚೆಯೇ ಉಳಿದಾಗ ನನ್ನ ಪುಸ್ತಕಗಳು ಎರಡು ತಿಂಗಳು ಟ್ರಂಕಿನಿಂದ ಹೊರಬರಲಿಲ್ಲ. 2020ರಲ್ಲಿ ಕೊರೊನಾ ಬಂದು ನಮ್ಮ ನೀರಿನ ಟ್ಯಾಂಕುಗಳೆಲ್ಲ ಹೈಪೋಕ್ಲೋರೈಟ್ ದ್ರಾವಣ ತುಂಬಿಕೊಂಡು ಬೀದಿ ತೊಳೆಯತೊಡಗಿದವು. ಕನಿಷ್ಠ ಎರಡು ವರ್ಷದ ಕೋರ್ಸು ನನಗೆ ನಾಲ್ಕಾಯಿತು.

ಆ ಪ್ರವಾಹ ಮಾತ್ರ ವಿಪತ್ತು ನಿರ್ವಹಣೆಯ ಪತ್ರಿಕೆಗೆ ಜೀವ ತುಂಬಿತು. ದಡದಲ್ಲಿ ಕಂದಾಯದವರು, ಪೊಲೀಸರು, ನಾವು, ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ (ಎನ್‌ಡಿಆರ್‌ಎಫ್) ಜನ, ಊರಿನ ಅಂಬಿಗರು, ಇವರೆಲ್ಲರ ನಡುವೆ ಜನಪ್ರತಿನಿಧಿಗಳ ಬೆಂಬಲಿಗರು. ದೋಣಿ ಒಂದು, ಅದಕ್ಕೆ ಹೋಗು ಎನ್ನುವವರು ಐವರು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು ಎಂಬುದು ನಮಗೆಲ್ಲ ಗೊತ್ತು. ಆದರೆ ದಡದ ಕೆಸರಿನಲ್ಲಿ ಯಾರ ಮಾತು ನಡೆಯಬೇಕು ಎಂಬುದಕ್ಕೆ ರಾಷ್ಟ್ರೀಯ ಪ್ರಾಧಿಕಾರ 2010ರಲ್ಲೇ ಮಾರ್ಗಸೂಚಿ ಕೊಟ್ಟಿದೆ ಎಂದು ನನಗೆ ತಿಳಿದದ್ದು ಪರೀಕ್ಷೆಗೆ ಓದುವಾಗ. ಒಂದು ಘಟನೆಗೆ ಒಬ್ಬನೇ ಕಮಾಂಡರ್. ಒಬ್ಬನ ಕೈಕೆಳಗೆ ನೇರವಾಗಿ ಸಾಮಾನ್ಯವಾಗಿ ಐದಕ್ಕಿಂತ ಹೆಚ್ಚು ಘಟಕಗಳು ಇರಬಾರದು. ಇದರ ಬೇರು 1970ರ ದಶಕದ ಕ್ಯಾಲಿಫೋರ್ನಿಯಾದ ಕಾಡ್ಗಿಚ್ಚುಗಳಲ್ಲಿದೆ. ಅಲ್ಲಿಯೂ ಹತ್ತಾರು ಇಲಾಖೆಗಳು ಒಂದೇ ಬೆಂಕಿಗೆ ಬಂದು ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಒದ್ದಾಡಿದ್ದರಂತೆ. ಓದಿ ಸಮಾಧಾನವೇ ಆಯಿತು, ನಾವಷ್ಟೇ ಅಲ್ಲವಲ್ಲ ಎಂದು.

ಆದರೆ ನನ್ನನ್ನು ಅಲುಗಿಸಿದ್ದು ಆಡಳಿತ ಸಿದ್ಧಾಂತದ ಪತ್ರಿಕೆ. ಅತಿ ಒಣ ವಿಷಯ ಎಂದು ಕೊನೆಗೆ ಇಟ್ಟುಕೊಂಡಿದ್ದೆ. ಅದರಲ್ಲಿ ಮೇರಿ ಪಾರ್ಕರ್ ಫಾಲೆಟ್ ಎಂಬ ಅಮೆರಿಕದ ಹೆಂಗಸು. 1920ರ ದಶಕದಲ್ಲೇ ಆಕೆ ಹೇಳಿದ್ದು, ಆಜ್ಞೆಯನ್ನು ಒಬ್ಬ ಮನುಷ್ಯ ಇನ್ನೊಬ್ಬನಿಗೆ ಕೊಡಬಾರದು, ಇಬ್ಬರೂ ಸೇರಿ ಸನ್ನಿವೇಶವನ್ನು ನೋಡಿ ಅದು ಕೊಡುವ ಆಜ್ಞೆಯನ್ನು ತೆಗೆದುಕೊಳ್ಳಬೇಕು ಎಂದು. ಎಂದಿನಂತೆ ವರದಿ ಬರೆಯಲು ಕುಳಿತೆ: ಎದುರಿಗಿದ್ದ ಬೆಂಕಿ ಯಾವುದು? ಕೈ ತಾನಾಗಿ ಮೇಜಿನ ಖಾನೆಗೆ ಹೋಯಿತು. ಆ ಒಂದು ಸಾಲಿನ ಉತ್ತರ ಅಲ್ಲೇ ಇತ್ತು. ಫಾಲೆಟ್ ಪುಟಗಟ್ಟಲೆ ಬರೆದದ್ದನ್ನು ನಮ್ಮವರು ಗೋಡೆಯ ಹೆಸರಿನಲ್ಲಿ ಹೇಳಿ ಮುಗಿಸಿದ್ದರು. ಅಂದು ರಾತ್ರಿ ಮುಂದಿನ ಪುಟ ಓದಲಾಗಲಿಲ್ಲ.

ಆಮೇಲೆ ಪಠ್ಯದಲ್ಲಿಲ್ಲದ್ದನ್ನೂ ಹುಡುಕತೊಡಗಿದೆ. 1949ರ ಆಗಸ್ಟ್ 5ರಂದು ಅಮೆರಿಕದ ಮೊಂಟಾನಾದ ಮ್ಯಾನ್ ಗಲ್ಚ್ ಕಣಿವೆಯಲ್ಲಿ ಹುಲ್ಲಿನ ಬೆಂಕಿ ಅದನ್ನು ಆರಿಸಲು ಹೋದ ಹದಿನಾರು ಮಂದಿಯನ್ನು ಅಟ್ಟಿಸಿಕೊಂಡು ಬಂತು. ನಾಯಕ ವ್ಯಾಗ್ನರ್ ಡಾಡ್ಜ್ ಓಡುವುದನ್ನು ನಿಲ್ಲಿಸಿ, ತನ್ನ ಎದುರಿನ ಹುಲ್ಲಿಗೆ ತಾನೇ ಕಡ್ಡಿ ಗೀರಿದ. ಸುಟ್ಟ ಜಾಗದಲ್ಲಿ ಮಲಗಿದರೆ ದೊಡ್ಡ ಬೆಂಕಿಗೆ ತಿನ್ನಲು ಏನೂ ಇರುವುದಿಲ್ಲ ಎಂಬ ಲೆಕ್ಕ. ಎಲ್ಲರನ್ನೂ ಕರೆದ. ಒಬ್ಬನೂ ಬರಲಿಲ್ಲ. ಹದಿಮೂರು ಮಂದಿ ಸತ್ತರು, ಡಾಡ್ಜ್ ಬದುಕಿದ. ಅವನ ಆಜ್ಞೆ ಸರಿ ಇತ್ತು, ಆದರೆ ಸಾಯುವ ಗಳಿಗೆಯಲ್ಲಿ ನಂಬುವಷ್ಟು ಅವನು ಆ ಹುಡುಗರಿಗೆ ಪರಿಚಿತನಾಗಿರಲಿಲ್ಲ. ಅಮೆರಿಕದ ಆಡಳಿತ ಚಿಂತಕ ಚೆಸ್ಟರ್ ಬರ್ನಾರ್ಡ್ ಹೇಳುವ ಹಾಗೆ, ಅಧಿಕಾರ ಇರುವುದು ಆಜ್ಞೆ ಕೊಡುವವನಲ್ಲಿ ಅಲ್ಲ, ಅದನ್ನು ಒಪ್ಪುವವನಲ್ಲಿ. ನನ್ನ ಮಿಲ್ಲಿನ ಕಥೆ ಇದರ ತಲೆಕೆಳಗು: ಆಜ್ಞೆ ತಪ್ಪಿತ್ತು, ಮೀರಿದ್ದರಿಂದ ಇಬ್ಬರು ಉಳಿದರು. ಇವೆರಡನ್ನೂ ಅಕ್ಕಪಕ್ಕ ಇಟ್ಟು ಬರೆದ ಅಸೈನ್‌ಮೆಂಟೇ ನನ್ನ ಇಡೀ ಎಂ.ಎ. ಎನ್ನಬಹುದು. ಉಳಿದದ್ದೆಲ್ಲ ಪಾಸಾಗಲು ಓದಿದ್ದು.

ಠಾಣೆಯಲ್ಲಿ ಒಂದು ಬದಲಾವಣೆ ಮಾಡಿದೆ. ಕರೆ ಮುಗಿಸಿ ಬಂದ ಮೇಲೆ ಹೋಸ್ ತೊಳೆದು ಒಣಹಾಕುವ ಹೊತ್ತಿನಲ್ಲಿ ಎಲ್ಲರೂ ನಿಂತು ಮಾತಾಡುತ್ತೇವೆ. ಅತಿ ಕಿರಿಯ ಮೊದಲು, ನಾನು ಕೊನೆಗೆ. ಮೊದಲ ಎರಡು ತಿಂಗಳು ಹುಡುಗರು “ಎಲ್ಲ ಸರಿ ಇತ್ತು ಸರ್” ಬಿಟ್ಟು ಬೇರೆ ಮಾತಾಡಲಿಲ್ಲ. ನನ್ನ ತಪ್ಪನ್ನು ನಾನೇ ಮೊದಲು ಎತ್ತಿ ಆಡಿದ ಮೇಲೆ ಬಾಯಿ ಬಿಟ್ಟರು. ಈಗ ಕೆಲವೊಮ್ಮೆ ಸ್ವಲ್ಪ ಹೆಚ್ಚೇ ಬಿಡುತ್ತಾರೆ.

2022ರಲ್ಲಿ ಫಲಿತಾಂಶ ಬಂದಾಗ ಆ ಲೀಡಿಂಗ್ ಫೈರ್‌ಮನ್‌ಗೆ ಫೋನ್ ಮಾಡಿದೆ. ನಿವೃತ್ತರಾಗಿ ಊರಿನಲ್ಲಿ ತೊಗರಿ ಬೆಳೆದುಕೊಂಡಿದ್ದಾರೆ.

“ಇದರಿಂದ ಬಡ್ತಿ ಸಿಗುತ್ತದೆಯೇ ಸಾಹೇಬರೇ?”

“ಇಲ್ಲ. ಜ್ಯೇಷ್ಠತಾ ಪಟ್ಟಿ ಹೇಗಿತ್ತೋ ಹಾಗೆಯೇ ಇದೆ.”

ಮಿಲ್ಲಿನ ವಿಷಯವನ್ನು ನಾನೇ ತೆಗೆದೆ. ನೋಟಿಸು ಕೊಟ್ಟದ್ದು ತಪ್ಪಾಯಿತು ಎಂದೆ, ಅಸೈನ್‌ಮೆಂಟಿನಲ್ಲಿ ಅವರ ಬಗ್ಗೆ ಬರೆದಿದ್ದೇನೆ ಎಂದೆ.

“ನನ್ನ ಹೆಸರು ಹಾಕಿದ್ದೀರಾ?”

“ಇಲ್ಲ, ಹೆಸರು ಹಾಕುವಂತಿರಲಿಲ್ಲ.”

ಆ ಕಡೆ ಸ್ವಲ್ಪ ಹೊತ್ತು ಪಂಪಿನ ಸದ್ದಷ್ಟೇ ಕೇಳಿಸಿತು. “ನೋಟಿಸಿನಲ್ಲಿ ಮಾತ್ರ ತಂದೆಯ ಹೆಸರಿನ ಸಮೇತ ಬರೆದಿದ್ದಿರಿ” ಎಂದರು.