ಮಿಕ್ಸಿಯಲ್ಲಿ ಕಾಫಿ ಬೀಜ ಪುಡಿ ಮಾಡುವವರಿಗೆ

ಮಿಕ್ಸಿ ಬ್ಲೇಡ್ ಬೀಜವನ್ನು ಹೊಡೆದು ಚೂರು ಮಾಡುತ್ತದೆ. ಹಾಗಾಗಿ ಒಂದೇ ಜಾರಿನಲ್ಲಿ ಹಿಟ್ಟಿನಂಥ ಪುಡಿಯೂ ಇರುತ್ತೆ, ರವೆಯಂಥ ತರಿಯೂ ಇರುತ್ತೆ. ನುಣ್ಣನೆ ಪುಡಿ ಫಿಲ್ಟರಿನ ತೂತು ಮುಚ್ಚಿ ಡಿಕಾಕ್ಷನ್ ಕಹಿ ಮಾಡುತ್ತೆ. ತರಿಯ ಸಾರ ಪೂರ್ತಿ ಇಳಿಯದೆ ಹುಳಿಹುಳಿ, ನೀರುನೀರು.

50 ಗ್ರಾಂ ಹಾಕಿ, 3 ಸೆಕೆಂಡ್ ತಿರುಗಿಸಿ, ನಿಲ್ಲಿಸಿ, ಜಾರು ಕುಲುಕಿ, ಮತ್ತೆ ತಿರುಗಿಸಿ. ಒಂದೇ ಸಮನೆ ಓಡಿಸಿದರೆ ಜಾರು ಬಿಸಿಯಾಗಿ ಘಮ ಅಲ್ಲೇ ಹೋಗುತ್ತೆ. ಜರಡಿ ಹಿಡಿದು ತರಿ ಮಾತ್ರ ಇನ್ನೊಮ್ಮೆ ಹಾಕಿ. ಸಾರಿನಪುಡಿ ಮಾಡುವ ಜಾರು ಖಂಡಿತ ಬೇಡ.

ಹಲ್ಲಿನ ಚಕ್ರಗಳ ನಡುವೆ ಅರೆಯುವ ಕೈ ಗ್ರೈಂಡರ್ ಇದ್ದರೆ ಇಷ್ಟು ಪಾಡಿಲ್ಲ, ಪುಡಿ ಒಂದೇ ಹದಕ್ಕೆ ಬರುತ್ತೆ. ಮೈಸೂರಿನ ಪುಡಿ ಅಂಗಡಿಯಲ್ಲಿ ಬೀಸಿಸುವುದಾದರೆ ‘ಫಿಲ್ಟರ್‌ಗೆ’ ಅಂತ ಮೊದಲೇ ಹೇಳಿ. ಡಿಕಾಕ್ಷನ್ 5 ನಿಮಿಷಕ್ಕೇ ಇಳಿದುಬಿಟ್ಟರೆ ಮುಂದಿನ ಸಲ ಸ್ವಲ್ಪ ಸಣ್ಣಗೆ ಮಾಡಿ. ಅರ್ಧ ಗಂಟೆಯಾದರೂ ನಿಂತೇ ಇದ್ದರೆ ತರಿಯಾಗಿ.