ರೈಫಲ್ ತೋಟಾ ಸರಿಯಿದೆಯಾ? ಕಣ್ಣು, ಬೆರಳು, ಒಂದು ಗಾಜಿನ ತುಂಡು

ಈ ಸಲ ಯುಗಾದಿ ಕಳೆದ ಮೇಲೆ ಅಕ್ಕನ ಮಗ ಹೊಳಲ್ಕೆರೆ ಕಡೆಯ ಹಳ್ಳಿಯಿಂದ ಚಿತ್ರದುರ್ಗದ ನಮ್ಮ ಮನೆಗೆ ಬಂದ. ಕೈಯಲ್ಲಿ ಒಂದು ಹಳೇ ಬಿಸ್ಕತ್ ಡಬ್ಬಿ. ಒಳಗೆ ಪಾಯಿಂಟ್ 315 ರೈಫಲ್ಲಿನ 17 ತೋಟಾ. ಭಾವ ತೀರಿಕೊಂಡ ಮೇಲೆ ಅರ್ಜಿ ಹಾಕಿ, ಬೆಳೆ ರಕ್ಷಣೆಯ ಲೈಸೆನ್ಸನ್ನು ಅವನು ತನ್ನ ಹೆಸರಿಗೆ ಮಾಡಿಸಿಕೊಂಡಿದ್ದ. ತೋಟಾಗಳು ಭಾವ ಇದ್ದಾಗಿನವು.

"ಮಾವ, ಫ್ಯಾಕ್ಟರಿ ಮಾಲೇ ಅಲ್ವಾ? ಹೊಡೆಯಬಹುದಲ್ಲ?" ಅಂದ.

ನಾನು ಸೈನ್ಯದಲ್ಲಿ ಆರ್ಮರರ್ ಆಗಿದ್ದವನು. ಬಂದೂಕು ಬಿಚ್ಚಿ ಜೋಡಿಸುವುದೇ ಕೆಲಸ. ಕೆಟ್ಟ ತೋಟಾ ಬಂದೂಕಿಗೆ ಏನು ಮಾಡುತ್ತದೆ ಅನ್ನುವುದನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಫ್ಯಾಕ್ಟರಿಯಿಂದ ಹೊರಟಾಗ ತೋಟಾ ಚೆನ್ನಾಗಿಯೇ ಇರುತ್ತದೆ. ಆಮೇಲೆ ಅದು ಎಲ್ಲಿತ್ತು, ಯಾರ ಕೈಲಿತ್ತು, ಎಷ್ಟು ಮಳೆಗಾಲ ಕಂಡಿತು ಅನ್ನುವುದನ್ನೇ ಮೊದಲು ಕೇಳಬೇಕು. ಅವನನ್ನೂ ಅದನ್ನೇ ಕೇಳಿದೆ. "ಕೊಟ್ಟಿಗೆ ಅಟ್ಟದ ಮೇಲಿತ್ತು ಮಾವ" ಅಂದ. ನನಗೆ ಆಗಲೇ ಅರ್ಧ ಉತ್ತರ ಸಿಕ್ಕಿತ್ತು. ಆದರೂ ಕೂರಿಸಿಕೊಂಡು ಒಂದೊಂದಾಗಿ ತೋರಿಸಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬುಡ ನೋಡಿ. ತೋಟಾದ ತಳದಲ್ಲಿ ಒತ್ತಿದ ಅಕ್ಷರ ಇರುತ್ತವೆ. ನಮ್ಮ ಕಡೆ ಸಿಗುವವುಗಳಲ್ಲಿ ಹೆಚ್ಚಾಗಿ 'ಕೆಎಫ್' ಅಂತ ಕಾಣುತ್ತದೆ. ಅಂದರೆ ಪುಣೆಯ ಖಡ್ಕಿ ಕಾರ್ಖಾನೆಯ ಮಾಲು. ಅದು 1869ರಿಂದ ಇರುವ ಕಾರ್ಖಾನೆ. 2021ರ ಅಕ್ಟೋಬರ್‌ನಿಂದ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್ ಕೆಳಗೆ ಬಂದಿದೆ. ಬುಡದ ಗುರುತು, ಪೆಟ್ಟಿಗೆಯ ಚೀಟಿ, ಬ್ಯಾರೆಲ್ ಮೇಲಿನ ಗುರುತು ಮೂರೂ ಒಂದಕ್ಕೊಂದು ಹೊಂದಬೇಕು. ನಳಿಗೆಯ ಅಳತೆಯಲ್ಲಿ 315 ಅಂದರೆ 8 ಮಿಲಿಮೀಟರ್, 303 ಅಂದರೆ 7.7. ಕಣ್ಣಿಗೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ತೋಟಾವನ್ನು ಹಿಂದಿನಿಂದ ಒಳಗೆ ತಳ್ಳುವ ಬೋಲ್ಟ್ ಮುಚ್ಚಿಕೊಂಡಿತು ಅಂದ ಮಾತ್ರಕ್ಕೆ ಅದು ನಿಮ್ಮ ರೈಫಲ್ಲಿನ ತೋಟಾ ಅಲ್ಲ. 303 ಅಂತೂ ಸಾಮಾನ್ಯ ಲೈಸೆನ್ಸ್‌ದಾರರು ಇಟ್ಟುಕೊಳ್ಳುವ ಹಾಗೇ ಇಲ್ಲ.

ಕೊಳ್ಳುವಾಗ ಸೀಲ್ ಇರುವ ಪೆಟ್ಟಿಗೆಯನ್ನೇ ಕೇಳಿ. ಲಾಟ್ ನಂಬರ್, ಅಂದರೆ ಒಟ್ಟಿಗೆ ತಯಾರಾದ ತಂಡದ ಸಂಖ್ಯೆ, ಬರೆದಿಟ್ಟುಕೊಳ್ಳಿ. ರಸೀದಿ ಪಡೆಯಿರಿ, ಲೈಸೆನ್ಸ್ ಪುಸ್ತಕದಲ್ಲಿ ಎಂಟ್ರಿ ಹಾಕಿಸಿ. ಬಿಡಿ ತೋಟಾ, ಯಾರೋ ಕೈಯಲ್ಲಿ ತುಂಬಿ ಕೊಟ್ಟ ತೋಟಾ, "ನಮ್ಮವರೇ, ಹತ್ತು ಇವೆ ತಗೋ" ಅಂತ ಕೊಟ್ಟ ತೋಟಾ ಬೇಡ. ಇದರಲ್ಲಿ ದಾಕ್ಷಿಣ್ಯ ಇಟ್ಟುಕೊಳ್ಳಬೇಡಿ.

ಇನ್ನು ಮೈ ನೋಡುವುದು. ಬಂದೂಕು ಬೇರೆ ಕೋಣೆಯಲ್ಲಿರಲಿ. ಬೆಳಗಿನ ಬೆಳಕಿನಲ್ಲಿ ಕಿಟಕಿ ಹತ್ತಿರ ಕೂತು, ಒಣ ಹತ್ತಿ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಬೆರಳಲ್ಲಿ ನಿಧಾನವಾಗಿ ತಿರುಗಿಸುತ್ತಾ ನೋಡಿ. ಗುಂಡು ಕೂತಿರುವ ಕತ್ತಿನ ಹತ್ತಿರ ನೀಲಿ, ನೇರಳೆ ಛಾಯೆ ಕಂಡರೆ ಹೆದರಬೇಡಿ. ಕಾರ್ಖಾನೆಯಲ್ಲಿ ಆ ಭಾಗವನ್ನು ಬಿಸಿ ಮಾಡಿ ಮೆದುಗೊಳಿಸಿರುತ್ತಾರೆ. ಅದು ಒಳ್ಳೆಯದೇ. ಹೆದರಬೇಕಾದ್ದು ಕತ್ತಿನಲ್ಲಿ ಕೂದಲೆಳೆಯಂಥ ಉದ್ದ ಗೆರೆ ಕಂಡಾಗ. ಉಗುರು ಆಡಿಸಿದರೆ ತಡೆಯುತ್ತದೆ. ಅದು ಬಿರುಕು.

ಅಳಿಯ ತಂದಿದ್ದ 17ರಲ್ಲಿ 4ಕ್ಕೆ ಈ ಗೆರೆ ಇತ್ತು. ಅವನಿಗೆ ಆಶ್ಚರ್ಯ. ಬಿದ್ದಿಲ್ಲ, ಬಡಿದಿಲ್ಲ, ಹೇಗೆ ಸೀಳಿತು ಅಂತ. ಇದು ಹಳೇ ಕಥೆ. ಬ್ರಿಟಿಷರ ಕಾಲದಲ್ಲಿ ಇದೇ ದೇಶದಲ್ಲಿ ಮಳೆಗಾಲ ಬಂದರೆ, ಕುದುರೆ ಲಾಯದ ಹತ್ತಿರ ಇಟ್ಟ ತೋಟಾಗಳು ಇದ್ದಲ್ಲೇ ಬಿರಿಯುತ್ತಿದ್ದವು. ಗಂಜಲದಿಂದ ಏಳುವ ಅಮೋನಿಯಾ ಗಾಳಿಯೇ ಕಾರಣ. ಹಿತ್ತಾಳೆಯನ್ನು ಎಳೆದು ಒತ್ತಿ ತೋಟಾದ ಆಕಾರಕ್ಕೆ ತರುವಾಗ ಅದರೊಳಗೆ ಒಂದು ಬಿಗಿತ ಉಳಿದುಬಿಡುತ್ತದೆ. ತೇವದ ಜೊತೆ ಅಮೋನಿಯಾ ಸೇರಿದರೆ ಆ ಬಿಗಿತ ಇರುವ ಕಡೆಯೇ ಹಿತ್ತಾಳೆ ಸೀಳುತ್ತದೆ. 1921ರಲ್ಲಿ ವಿಜ್ಞಾನಿಗಳು ಇದನ್ನು ಸರಿಯಾಗಿ ಬಿಡಿಸಿ ಹೇಳಿದರು. ಕತ್ತನ್ನು ಬಿಸಿ ಮಾಡುವುದೂ ಇದೇ ಕಾರಣಕ್ಕೆ. ಬಿಗಿತ ಸಡಿಲವಾಗಲಿ ಅಂತ.

ನಮ್ಮ ಊರಿನ ಕೊಟ್ಟಿಗೆ ಏನು ಬೇರೆಯಾ? ಕೆಳಗೆ ಎಮ್ಮೆ, ಮೂಲೆಯಲ್ಲಿ ಯೂರಿಯಾ ಚೀಲ, ಮೇಲೆ ಅಟ್ಟ. ಆಳುಮಕ್ಕಳು, ಹುಡುಗರು ಹತ್ತದ ಜಾಗ ಅಂತ ಭಾವ ಅಲ್ಲಿ ಇಟ್ಟಿದ್ದರು. ಅವರ ಎಚ್ಚರಿಕೆ ಸರಿಯಾಗಿಯೇ ಇತ್ತು, ಜಾಗ ಮಾತ್ರ ತಪ್ಪಾಗಿತ್ತು.

ಹಸಿರು ಕಿಲುಬು ಇನ್ನೊಂದು. ನಿವೃತ್ತಿಯಾದ ಮೇಲೆ ನಾನು ಕೆಲವು ವರ್ಷ ದಾವಣಗೆರೆಯಲ್ಲಿ ಗನ್‌ಮ್ಯಾನ್ ಆಗಿದ್ದೆ. ಜೊತೆಯವರು 12 ಬೋರ್ ತೋಟಾಗಳನ್ನು ಚರ್ಮದ ಬೆಲ್ಟಿನಲ್ಲೇ ವರ್ಷಗಟ್ಟಲೆ ಬಿಡುತ್ತಿದ್ದರು. ಹೊರಗೆ ತೆಗೆದರೆ ಹಿತ್ತಾಳೆಗೆ ಮೇಣದಂಥ ಹಸಿರು ಹತ್ತಿರುತ್ತಿತ್ತು. ಚರ್ಮ ಹದ ಮಾಡಲು ಬಳಸಿದ ಆಮ್ಲ ಹಾಗೆ ಮಾಡುತ್ತದೆ. ರೈಫಲ್ ತೋಟಾಕ್ಕೂ ಅಷ್ಟೇ. ಸ್ವಲ್ಪ ಮಂಕಾದರೆ, ಕಂದಾದರೆ ತೊಂದರೆಯಿಲ್ಲ. ಹಸಿರು ಒರೆಸಿದ ಮೇಲೂ ಕೆಳಗೆ ಗುಳಿ ಉಳಿದರೆ ಅದನ್ನು ಪಕ್ಕಕ್ಕೆ ಇಡಿ. ಹುಣಸೆಹಣ್ಣು, ಬ್ರಾಸೋ ಹಾಕಿ ಉಜ್ಜಬೇಡಿ. ಎಣ್ಣೆ ಸವರುವುದೂ ಬೇಡ. ತಳದ ನಡುವೆ, ಪಿನ್ ಬಡಿದಾಗ ಮದ್ದಿಗೆ ಕಿಡಿ ಕೊಡುವ ಸಣ್ಣ ಬಟ್ಟಲೇ ಪ್ರೈಮರ್. ಅದರೊಳಗೆ ಎಣ್ಣೆ ಇಳಿದರೆ ತೋಟಾ ಸಾಯುತ್ತದೆ. ತೋಟಾ ಕೂರುವ ಚೇಂಬರ್‌ನಲ್ಲಿ ಎಣ್ಣೆ ಇದ್ದರೆ ಬೋಲ್ಟ್ ಮೇಲೆ ಬೀಳುವ ಹೊಡೆತ ಜಾಸ್ತಿಯಾಗುತ್ತದೆ.

ಈಗ ಗಾಜಿನ ತುಂಡು. ಕನ್ನಡಿ ಚೂರಾದರೂ ಸರಿ, ಸಮತಟ್ಟಾಗಿರಬೇಕು. ತೋಟಾವನ್ನು ಅದರ ಮೇಲೆ ಮೆಲ್ಲಗೆ ನಿಲ್ಲಿಸಿ. ಅಲ್ಲಾಡಿದರೆ ಪ್ರೈಮರ್ ಎದ್ದು ನಿಂತಿದೆ ಅಂತ ಅರ್ಥ. ಪ್ರೈಮರ್ ತಳಕ್ಕೆ ಸಮವಾಗಿ ಅಥವಾ ಕೂದಲಷ್ಟು ಒಳಗೆ ಕೂತಿರಬೇಕು. ಎದ್ದಿರುವುದನ್ನು ಬೋಲ್ಟ್ ಒತ್ತಿದಾಗಲೇ ಸಿಡಿಯುವ ಸಾಧ್ಯತೆ ಇದೆ. ಒತ್ತಿ ಕೂರಿಸಲು ಹೋಗಬೇಡಿ. ಹಾಗೇ ನಾಲ್ಕೈದನ್ನು ಸಾಲಾಗಿ ನಿಲ್ಲಿಸಿ, ಕಣ್ಣನ್ನು ಅವುಗಳ ಎತ್ತರಕ್ಕೆ ತನ್ನಿ. ಒಂದು ಗುಂಡು ಮಿಕ್ಕವಕ್ಕಿಂತ ಕುಳ್ಳಗೆ ಕಂಡರೆ ಅದು ಒಳಗೆ ಜಾರಿದೆ. ಒಳಗಿನ ಜಾಗ ಕಡಿಮೆಯಾದಷ್ಟೂ ಒತ್ತಡ ಏರುತ್ತದೆ. ಬೆರಳಲ್ಲಿ ತಿರುವಿದರೆ ಗುಂಡು ತಿರುಗಿತಾ? ಅದೂ ಬೇಡ. ಅಲ್ಲಾಡಿಸಿ ಮದ್ದಿನ ಸದ್ದು ಕೇಳುವುದು ಸುಮ್ನೆ ಕೆಲಸ, ಅದರಿಂದ ಏನೂ ಗೊತ್ತಾಗುವುದಿಲ್ಲ.

ಬಿಸಿಲಿನ ಬಗ್ಗೆ ಒಂದು ಮಾತು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಬೈಕಿನ ಡಿಕ್ಕಿ, ಜೀಪಿನ ಡ್ಯಾಶ್‌ಬೋರ್ಡ್ ಒಲೆಯ ಹಾಗೆ ಕಾಯುತ್ತವೆ. ಕಾದ ತೋಟಾ ಹೊಡೆದರೆ ಒತ್ತಡ ಜಾಸ್ತಿ. ವರ್ಷಗಟ್ಟಲೆ ಕಾದರೆ ಮದ್ದೇ ಕೆಡುತ್ತದೆ.

ಮೈ ನೋಡಿ ಪಾಸಾದದ್ದನ್ನು ಪರೀಕ್ಷಿಸುವುದು ಗುರಿ ಹೊಡೆಯುವ ರೇಂಜಿನಲ್ಲಿ, ಹೊಲದಲ್ಲಲ್ಲ. ಕನ್ನಡಕ, ಕಿವಿಗೆ ಮಫ್ ಹಾಕಿಕೊಳ್ಳಿ. ಹೊಸ ಲಾಟ್ ಆದರೆ ಬಂದೂಕನ್ನು ಮರಳುಚೀಲದ ಮೇಲೆ ಇಟ್ಟು, ಒಂದೇ ಗುರಿಗೆ 5 ಹೊಡೆಯಿರಿ. ಒಟ್ಟಿಗೆ ಬೀಳುತ್ತವಾ, ಚದುರುತ್ತವಾ ನೋಡಿ. ಮರೆಯುವ ಮೊದಲು ಲಾಟ್ ನಂಬರ್ ಪಕ್ಕದಲ್ಲಿ ಬರೆಯಿರಿ.

ಬಂದೂಕಿನ ಕುದುರೆ (ಟ್ರಿಗರ್) ಎಳೆದಾಗ ಬರೀ 'ಟಿಕ್' ಅಂದರೆ ಬೋಲ್ಟ್ ತೆಗೆಯಬೇಡಿ. ಮೂತಿ ಗುರಿಯ ಕಡೆಗೇ ಇರಲಿ. ಪೂರ್ತಿ 1 ನಿಮಿಷ ಮನಸ್ಸಿನಲ್ಲೇ ಎಣಿಸಿ. ತಡವಾಗಿ ಸಿಡಿಯುವ ತೋಟಾ ಇರುತ್ತವೆ. ಇದಕ್ಕಿಂತ ಅಪಾಯದ್ದು 'ಪುಸ್' ಅನ್ನುವ ಸಣ್ಣ ಸದ್ದು, ಭುಜಕ್ಕೆ ಹೊಡೆತವೇ ಇಲ್ಲದ್ದು. ಗುಂಡು ಬ್ಯಾರೆಲ್ ಮಧ್ಯದಲ್ಲೇ ನಿಂತಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ಬ್ಯಾರೆಲ್ ಒಡೆಯುತ್ತದೆ. ಹಾಗೆ ಉಬ್ಬಿದ ಬ್ಯಾರೆಲ್ ನನ್ನ ಬೆಂಚಿನ ಮೇಲೆ ಬಂದಿದೆ. ಹೊಡೆದ ಹುಡುಗನ ಕೈ ಉಳಿದದ್ದೇ ದೊಡ್ಡದು. ಆ ಸದ್ದು ಕೇಳಿದರೆ ಅದೇ ನಿಮಿಷ ಕಾದು, ಖಾಲಿ ಮಾಡಿ, ಬೋಲ್ಟ್ ಹೊರಗೆ ತೆಗೆದು ಹಿಂದಿನಿಂದ ನಳಿಗೆ ನೋಡಿ. ಬೆಳಕು ಕಾಣದಿದ್ದರೆ ಗನ್‌ಸ್ಮಿತ್ ಹತ್ತಿರ ಒಯ್ಯಿರಿ.

ಹೊಡೆದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ಖೋಕಾ ಎಸೆಯಬೇಡಿ, ಓದಿ. ಪ್ರೈಮರ್ ಚಪ್ಪಟೆಯಾಗಿ ಹರಡಿದೆಯಾ, ತೂತಾಗಿದೆಯಾ, ಬುಡಕ್ಕಿಂತ ಸ್ವಲ್ಪ ಮೇಲೆ ಮೈ ಸುತ್ತಲೂ ಹೊಳೆಯುವ ಉಂಗುರದಂಥ ಗೆರೆ ಇದೆಯಾ, ಹೊರಗೆ ತೆಗೆಯಲು ಬೋಲ್ಟನ್ನು ಗುದ್ದಬೇಕಾಯಿತಾ? ಒಂದಕ್ಕಾದರೂ ಹೌದು ಅಂದರೆ ಅಲ್ಲಿಗೇ ನಿಲ್ಲಿಸಿ. ತಪ್ಪು ಎಷ್ಟೋ ಸಲ ತೋಟಾದ್ದಲ್ಲ, ಸವೆದ ರೈಫಲ್ಲಿನದು. ಎರಡನ್ನೂ ತೋರಿಸಿ.

ಅಳಿಯ ಆ 4 ಬಿಟ್ಟು ಮಿಕ್ಕ 13 ಇಟ್ಟುಕೊಳ್ಳುತ್ತೇನೆ ಅಂದ. ಅಪ್ಪನ ವಸ್ತು, ಬಿಡಲು ಮನಸ್ಸಿಲ್ಲ. ನನಗೆ ಅರ್ಥವಾಯಿತು. ಆದರೆ 13ಕ್ಕೂ ಅದೇ ಅಟ್ಟ, ಅದೇ ಗಾಳಿ. ಬಿರುಕು ಒಳಗಿನಿಂದ ಶುರುವಾಗಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಬೇಡವೇ ಬೇಡ ಅಂದೆ. ಇಂಥವನ್ನು ಬಾವಿಗೆ ಹಾಕುವುದು, ಹೂಳುವುದು, ಬಿಚ್ಚುವುದು ಮಾಡಬಾರದು. ಠಾಣೆಗೋ ಲೈಸೆನ್ಸ್ ಇರುವ ಡೀಲರ್‌ಗೋ ಕೊಟ್ಟು, ಕೊಟ್ಟಿದ್ದಕ್ಕೆ ಬರೆಸಿಕೊಳ್ಳಬೇಕು. ಅವನು 17ನ್ನೂ ಒಪ್ಪಿಸಿದ.

ಹೋದ ವಾರ ಫೋನ್ ಮಾಡಿದ್ದ. ಹೊಸ ಪೆಟ್ಟಿಗೆ ತಂದಿದ್ದಾನೆ. ಬೀರುವಿನ ಮೇಲಿನ ಖಾನೆಯಲ್ಲಿಡಲಾ, ಕೆಳಗಿನದರಲ್ಲಾ ಅಂತ ಕೇಳಿದ. ಹೆಂಚಿನ ಮನೆ, ಮೇಲೆ ಕಾವು ಜಾಸ್ತಿ. ಕೆಳಗಿನದರಲ್ಲಿ, ಗಾಳಿಯಾಡದ ಡಬ್ಬಿಯಲ್ಲಿಟ್ಟು ಬೀಗ ಹಾಕು, ಬಂದೂಕಿನ ಜೊತೆ ಮಾತ್ರ ಇಡಬೇಡ ಅಂದೆ. "ಸರಿ ಮಾವ, ಕೀ ಅಮ್ಮನ ಹತ್ತಿರ ಇರುತ್ತೆ" ಅಂದ.